‘ವಷ ಒಂಬತ್ತು’ ಮತ್ತು ಮಾಯಾ ಲಿಪಿಯ ಮೀನು

ಈ ಸಲ ಯುಗಾದಿಗೆ ಅಮ್ಮ ಊರಿನಿಂದ ಕಾಗದ ಬರೆದಿದ್ದರು. ದಿನಾ ವಿಡಿಯೋ ಕಾಲ್ ಮಾಡುವವರಿಗೆ ಕಾಗದ ಯಾಕೆ ಅನ್ನುತ್ತೀರಾ? ತಪ್ಪು ನನ್ನದೇ. ‘ನಿನ್ನ ಮೊಮ್ಮಗಳು ಈಗ ಕನ್ನಡ ಸಲೀಸಾಗಿ ಓದುತ್ತಾಳಮ್ಮ’ ಎಂದು ಜಂಬ ಕೊಚ್ಚಿಕೊಂಡಿದ್ದೆ. ಎಂಟು ವರ್ಷದ ಮಗಳು ಲಕೋಟೆ ಹರಿದು, ಸೋಫಾದ ಮೇಲೆ ಕಾಲು ಮಡಚಿ ಕೂತು, ಗಟ್ಟಿಯಾಗಿ ಓದತೊಡಗಿದಳು. ‘ಪ್ರೀತಿಯ ಪುಟ್ಟಿ’ ಎನ್ನುವಷ್ಟು ಸರಾಗವಾಗಿ ಬಂತು. ಮುಂದಿನ ಸಾಲಿನಲ್ಲಿ ‘ಹೊಸ ವರ್ಷದ ಶುಭಾಶಯ’ ಎಂದಿತ್ತು. ಅಲ್ಲಿ ನಿಂತುಬಿಟ್ಟಳು.

‘ಅಮ್ಮಾ, ಹೊಸ ವಷ ಒಂಬತ್ತು ಅಂದ್ರೇನು?’

ನಮ್ಮ ಅಡುಗೆಮನೆಯ ಗೋಡೆಗೆ ಊರಿಂದ ತಂದ ಕ್ಯಾಲೆಂಡರ್ ಇದೆ. ಅದರಲ್ಲಿ ಕನ್ನಡ ಅಂಕಿಗಳಿವೆ. ಅಮ್ಮನ ಕೈಬರಹದಲ್ಲಿ ಅರ್ಕಾವೊತ್ತು ಥೇಟ್ ಆ ಕ್ಯಾಲೆಂಡರಿನ ೯. ಮಗು ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಓದಿತ್ತು, ಅಷ್ಟೆ. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ಇನ್ನೆರಡು ಸಾಲು ಎಡವಿದ ಮೇಲೆ ಅವಳು ‘ಇದು ಕನ್ನಡ ಅಲ್ಲ, ಅಜ್ಜಿ ಬೇರೆ ಏನೋ ಬರೆದಿದ್ದಾರೆ’ ಎಂದು ಕಾಗದವನ್ನು ಮಡಚಿ ನನ್ನ ಕೈಗಿಟ್ಟಳು. ‘ಎರಡು ವರ್ಷದಿಂದ ಪ್ರತಿ ಶನಿವಾರ ಒಂದು ಗಂಟೆ ರೈಲಿನಲ್ಲಿ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿದ್ದು ಇದಕ್ಕೇನಾ?’ ಎಂದು ನಾನು ಗದರಿದೆ. ಅವಳು ಅಳಲಿಲ್ಲ. ಕನ್ನಡದ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಕಪಾಟಿನ ಕೆಳಗಿನ ಅರೆಯಲ್ಲಿ, ಚಳಿಗಾಲದ ಬೂಟುಗಳ ಹಿಂದೆ ಇಟ್ಟುಬಂದಳು. ಎರಡು ವಾರ ಅವು ಅಲ್ಲೇ ಇದ್ದವು.

ಇದನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತಿರುವುದು ಯಾಕೆಂದರೆ, ಆ ಗಂಟನ್ನು ಬಿಡಿಸಿದ್ದು ನಾನಲ್ಲ. ಜರ್ಮನಿಯ ಡ್ರೆಸ್ಡೆನ್ ಊರಿನ ಗ್ರಂಥಾಲಯದ ಗಾಜಿನ ಹಿಂದೆ ಕೂತಿರುವ ಒಂದು ಪುಸ್ತಕ. ಅದು ಮಾಯಾ ಜನರದ್ದು.

ಈಸ್ಟರ್ ರಜೆಯಲ್ಲಿ ಆ ಕಡೆ ಹೋಗಿದ್ದೆವು. ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಪುಸ್ತಕ ಜರ್ಮನಿಯಲ್ಲಿ ಏನು ಮಾಡುತ್ತಿದೆ ಎಂದು ಕೇಳಿದರೆ, 1739ರಲ್ಲಿ ಡ್ರೆಸ್ಡೆನ್ನಿನ ಗ್ರಂಥಪಾಲಕರೊಬ್ಬರು ಅದನ್ನು ವಿಯೆನ್ನಾದಲ್ಲಿ ಕೊಂಡು ತಂದರು ಎನ್ನುವುದಷ್ಟೇ ಉತ್ತರ. ಅತ್ತಿಯ ಜಾತಿಯ ಮರದ ತೊಗಟೆಯಿಂದ ಮಾಡಿದ ಕಾಗದ, ಅದರ ಮೇಲೆ ಸುಣ್ಣದ ತೆಳು ಲೇಪ, ಒಟ್ಟು 39 ಹಾಳೆ. ಬಿಚ್ಚಿ ಹಾಸಿದರೆ ಮೂರೂವರೆ ಮೀಟರ್ ಉದ್ದ. ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚುವ ಪುಸ್ತಕ. ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಕಡತ. ಶೃಂಗೇರಿ ಮಠದಲ್ಲಿ ಲೆಕ್ಕಪತ್ರ ಬರೆದಿಟ್ಟ ಕಡತಗಳೂ ಹೀಗೇ ಮಡಿಕೆ ಮಡಿಕೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಕಪ್ಪು ಬಳಿದು, ಬಳಪದಲ್ಲಿ ಬರೆದಂಥವು. ಎರಡು ನಾಡುಗಳಿಗೆ ಸಂಬಂಧವೇನೂ ಇಲ್ಲ. ಉದ್ದ ಬರಹವನ್ನು ಚಿಕ್ಕ ಜಾಗದಲ್ಲಿ ಇಡಬೇಕಾದವರಿಗೆಲ್ಲ ಮಡಿಕೆಯೇ ಹೊಳೆಯುತ್ತದೆ ಅಂತ ಕಾಣುತ್ತದೆ.

ಮಗಳು ಮೊದಲು ಆಕಳಿಸಿದಳು. ಆಮೇಲೆ ಗಾಜಿಗೆ ಮೂಗು ಒತ್ತಿ ಕೇಳಿದಳು: ‘ಇದರಲ್ಲಿ ಅಕ್ಷರ ಯಾವುದು, ಚಿತ್ರ ಯಾವುದು?’

ನೂರಾರು ವರ್ಷ ದೊಡ್ಡ ದೊಡ್ಡ ವಿದ್ವಾಂಸರು ತಲೆಕೆಡಿಸಿಕೊಂಡ ಪ್ರಶ್ನೆ ಅದೇ. ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜೀವಕೋಶ ಗುರುತಿಸುವುದು ನನ್ನ ಹೊಟ್ಟೆಪಾಡು. ಲಿಪಿಶಾಸ್ತ್ರ ನನ್ನ ಕ್ಷೇತ್ರ ಅಲ್ಲ. ಆದರೆ ‘ಬೇರೆ ಬೇರೆಯಾಗಿ ಕಾಣುವ ಎರಡು ಆಕಾರ ಒಂದೇ ವಸ್ತುವೋ, ಅಲ್ಲವೋ’ ಎನ್ನುವ ಪ್ರಶ್ನೆಯ ಜೊತೆ ದಿನಾ ಬದುಕುವವಳು. ಹಾಗಾಗಿ ಅಂದಿನಿಂದ ಈ ಲಿಪಿ ನನ್ನನ್ನೂ ಹಿಡಿದುಕೊಂಡಿದೆ.

ಮಾಯಾ ಬರಹದಲ್ಲಿ ಎರಡು ಬಗೆಯ ಚಿಹ್ನೆಗಳಿವೆ. ಕೆಲವು ಇಡೀ ಪದವನ್ನು ಹೇಳುತ್ತವೆ. ಗುರಾಣಿಯ ಚಿತ್ರ ಬರೆದರೆ ‘ಪಕಲ್’, ಅಂದರೆ ಗುರಾಣಿ. ಉಳಿದವು ನಮ್ಮ ಕಾಗುಣಿತದ ಹಾಗೆ ಒಂದೊಂದು ಉಚ್ಚಾರವನ್ನು ಹೇಳುತ್ತವೆ: ಪ, ಕ, ಲ, ಕು, ತ್ಸು, ಬಿ. ಐದು ಸ್ವರ, ಸುಮಾರು ಇಪ್ಪತ್ತು ವ್ಯಂಜನ. ಆದರೆ ನಮ್ಮಲ್ಲಿ ಕ ಕಾ ಕಿ ಕೀ ಎಂದು ಒಂದೇ ಮೈಗೆ ಗುಡಿಸು, ಕೊಂಬು ಸೇರಿಸುತ್ತ ಹೋದರೆ, ಅಲ್ಲಿ ‘ಕ’ ಮತ್ತು ‘ಕಿ’ ನೋಡಲು ಒಂದಕ್ಕೊಂದು ಏನೂ ಅಲ್ಲ. ನಮ್ಮ ಕಾಗುಣಿತವನ್ನು ಬಯ್ಯುವ ಮಕ್ಕಳಿಗೆ ಇದನ್ನೊಮ್ಮೆ ಹೇಳಿ ನೋಡಿ.

ಪದ ಬರೆಯುವಾಗ ಕೊನೆಯ ಸ್ವರವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಪ-ಕ-ಲ ಎಂದು ಮೂರು ಚಿಹ್ನೆ ಬರೆದರೆ ಓದುವುದು ‘ಪಕಲ್’. ನಾವು ಇದರ ತದ್ವಿರುದ್ಧ. ಬಸ್ ಅನ್ನು ಬಸ್ಸು, ಕಾರ್ ಅನ್ನು ಕಾರು, ಸ್ಕೂಲ್ ಅನ್ನು ಸ್ಕೂಲು ಮಾಡಿ ಇಲ್ಲದ ಸ್ವರ ಅಂಟಿಸಿದರೇ ನಮಗೆ ಸಮಾಧಾನ. ‘ಕಮಲ’ ಎನ್ನುವುದನ್ನು ಮಾಯಾ ಚಿಹ್ನೆಗಳಲ್ಲಿ ಬರೆಯಬಹುದು: ಕ, ಮ, ಲ ಮೂರೂ ಅವರಲ್ಲಿವೆ. ಆದರೆ ಅವರು ಅದನ್ನು ‘ಕಮಲ್’ ಎಂದು ಓದಿ ನಮ್ಮ ಕಮಲಜ್ಜಿಯರನ್ನೆಲ್ಲ ಹಿಂದಿಯವರನ್ನಾಗಿ ಮಾಡಿಬಿಡುತ್ತಾರೆ.

ಈಗ ತೊಡಕಿನ ಭಾಗಕ್ಕೆ ಬರೋಣ. ಒಂದು ಉಚ್ಚಾರಕ್ಕೆ ಒಂದೇ ಚಿಹ್ನೆ ಎಂಬ ನಿಯಮ ಅಲ್ಲಿಲ್ಲ. ‘ಕ’ವನ್ನು ತೆಗೆದುಕೊಳ್ಳಿ. ಹೆಚ್ಚಾಗಿ ಕಾಣುವುದು ಬಾಚಣಿಗೆಯಂಥ ಒಂದು ಆಕಾರ. ಇನ್ನೊಂದು ಕಡೆ ಅದೇ ಜಾಗದಲ್ಲಿ ಇಡೀ ಮೀನು ಬರುತ್ತದೆ. ಬಾಚಣಿಗೆಗೂ ಮೀನಿಗೂ ಏನು ಸಂಬಂಧ? ಬಾಚಣಿಗೆ ಎಂದು ನಮಗೆ ಕಾಣುವುದು ಮೀನಿನ ರೆಕ್ಕೆ. ಮಾಯಾ ಭಾಷೆಯಲ್ಲಿ ಮೀನಿಗೆ ‘ಕಯ್’. ಆ ಪದದ ಮೊದಲ ಸದ್ದೇ ‘ಕ’. ಇಡೀ ಮೀನು ಬರೆಯಲು ಪುರುಸೊತ್ತೂ ಜಾಗವೂ ಇದ್ದಾಗ ಮೀನು, ಇಲ್ಲದಿದ್ದಾಗ ರೆಕ್ಕೆಯಷ್ಟೇ ಸಾಕು. ಇಡೀ ಆನೆ ಬರೆಯದೆ ಸೊಂಡಿಲು ಮಾತ್ರ ಬರೆದು ‘ಆನೆ’ ಎಂದು ಮಕ್ಕಳು ಹೇಳುವುದಿಲ್ಲವೇ, ಹಾಗೆ.

ಈ ಮೀನು ಚಾಕೊಲೇಟಿನ ಕಥೆಯಲ್ಲೂ ಇದೆ. ಗ್ವಾಟೆಮಾಲಾದ ರಿಯೋ ಅಜುಲ್ ಎಂಬಲ್ಲಿ 1984ರಲ್ಲಿ ಒಂದು ಸಮಾಧಿಯಲ್ಲಿ ಹಿಡಿಕೆಯಿದ್ದ, ಮುಚ್ಚಳ ತಿರುಗಿಸಿ ಮುಚ್ಚುವ ಮಡಕೆ ಸಿಕ್ಕಿತು. ಅದರ ಮೇಲಿನ ಬರಹದಲ್ಲಿ ಕ-ಕ-ವ ಇದೆ, ‘ಕಕಾವ್’ ಅಂದರೆ ಕೋಕೋ ಎಂದು ಡೇವಿಡ್ ಸ್ಟುವರ್ಟ್ ಓದಿದರು. ಮಡಕೆಯ ತಳದ ಕರೆಯನ್ನು ಹರ್ಷೀಸ್ ಚಾಕೊಲೇಟ್ ಕಂಪನಿಯ ಪ್ರಯೋಗಾಲಯ ಪರೀಕ್ಷಿಸಿದಾಗ ಕೋಕೋದಲ್ಲಿರುವ ಥಿಯೋಬ್ರೊಮಿನ್, ಕೆಫೀನ್ ಎರಡೂ ಸಿಕ್ಕವು. ಓದಿದ್ದು ಸರಿ ಎಂದು ಮಡಕೆಯೇ ಸಾಕ್ಷಿ ಹೇಳಿದ ಅಪರೂಪದ ಪ್ರಸಂಗ ಇದು. ಮಗಳಿಗೆ ಇಡೀ ಮಾಯಾ ಪುರಾಣದಲ್ಲಿ ಇಷ್ಟವಾದದ್ದು ಇದೇ, ಹೇಳಬೇಕಾಗಿಲ್ಲ. ‘ಕಕಾವ್’ ಪದವನ್ನು ಕೆಲವು ಬರಹಗಾರರು ಇನ್ನೂ ಚುಟುಕಾಗಿ ಬರೆಯುತ್ತಿದ್ದರು. ‘ಕ’ ಎರಡು ಸಲ ಯಾಕೆ ಎಂದು ಒಂದೇ ಸಲ ಬರೆದು, ಅದರ ಮೂಲೆಯಲ್ಲಿ ಎರಡು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಎರಡಿದ್ದರೆ ಎರಡು ಸಲ ಓದು ಎಂದು ಅರ್ಥ. ಈ ಎರಡು ಚುಕ್ಕೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

‘ಉ’ ಇನ್ನೂ ಪಜೀತಿ. ಅವರ ಭಾಷೆಯಲ್ಲಿ ‘ಉ’ ಎಂದರೆ ‘ಅವನ, ಅವಳ, ಅದರ’. ಅವನ ಬಟ್ಟಲು, ಅವಳ ಮಗ, ಅವರ ಬರಹ ಎಂದು ಸಾಲಿಗೊಂದು ‘ಉ’ ಬೇಕು. ಒಂದೇ ಚಿಹ್ನೆಯನ್ನು ಮತ್ತೆ ಮತ್ತೆ ಬರೆಯುವುದು ಮಾಯಾ ಬರಹಗಾರರಿಗೆ ಅವಮಾನದ ಹಾಗಿತ್ತು. ಒಳ್ಳೆಯ ಅಡುಗೆಯವರು ಒಂದೇ ಊಟದಲ್ಲಿ ಒಂದೇ ಒಗ್ಗರಣೆಯನ್ನು ಎರಡು ಪದಾರ್ಥಕ್ಕೆ ಹಾಕುವುದಿಲ್ಲವಲ್ಲ. ಹಾಗಾಗಿ ‘ಉ’ಗೆ ಹತ್ತಿರ ಹತ್ತಿರ ಹತ್ತು ರೂಪಗಳಿವೆ. ಸರಳವಾದ ಬ್ರಾಕೆಟ್ಟಿನಂಥದ್ದೂ ಉಂಟು, ಪ್ರಾಣಿಯ ತಲೆಯೂ ಉಂಟು. ಎರಿಕ್ ಥಾಮ್ಸನ್ 1962ರಲ್ಲಿ ಮಾಯಾ ಚಿಹ್ನೆಗಳ ದೊಡ್ಡ ಪಟ್ಟಿ ಮಾಡಿದಾಗ, ಅಂಚಿನಲ್ಲಿ ಬರುವ ಚಿಕ್ಕ ಚಿಹ್ನೆಗಳಿಗೆ 1ರಿಂದ, ನಡುವಿನ ದೊಡ್ಡವಕ್ಕೆ 501ರಿಂದ, ತಲೆಗಳಿಗೆ 1000ದಿಂದ ಸಂಖ್ಯೆ ಕೊಟ್ಟರು. ಉಚ್ಚಾರ ಗೊತ್ತಿಲ್ಲದಾಗ ಆಕಾರ, ಜಾಗ ನೋಡಿಯೇ ತಾನೇ ವಿಂಗಡಿಸಬೇಕು. ಪರಿಣಾಮ, ‘ಉ’ ಎಂಬ ಒಂದೇ ಉಚ್ಚಾರ 1, 11, 13, 204 ಹೀಗೆ ಪಟ್ಟಿಯ ತುಂಬ ಚದುರಿಹೋಯಿತು. ಒಬ್ಬಳೇ ಹುಡುಗಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಹತ್ತು ಹೆಸರು.

ಹಾಗಾದರೆ ಇವೆಲ್ಲ ಒಂದೇ ಎಂದು ಗೊತ್ತಾದದ್ದು ಹೇಗೆ?

ಕಥೆ ಶುರುವಾಗುವುದು ಒಂದು ಪಾಪದ ಕೆಲಸದಿಂದ. 1562ರ ಜುಲೈಯಲ್ಲಿ ಯುಕಾಟಾನಿನ ಮಾನಿ ಎಂಬ ಊರಿನಲ್ಲಿ ಡಿಯೇಗೊ ಡಿ ಲಾಂಡಾ ಎಂಬ ಸ್ಪೇನಿನ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಕೆಲವು ವರ್ಷಗಳ ನಂತರ ಅದೇ ಮನುಷ್ಯ ಮಾಯಾ ಜನರ ಬಗ್ಗೆ ಪುಸ್ತಕ ಬರೆಯುತ್ತ, ಅಕ್ಷರ ಬಲ್ಲವರೊಬ್ಬರನ್ನು ಕೂರಿಸಿಕೊಂಡು ‘ನಿಮ್ಮ ಎ, ಬಿ, ಸಿ ಬರೆದು ತೋರಿಸು’ ಎಂದ. ಅವರಲ್ಲಿ ಎ, ಬಿ, ಸಿ ಇದ್ದರಲ್ಲವೇ? ಸ್ಪ್ಯಾನಿಷಿನಲ್ಲಿ ‘ಬಿ’ ಅಕ್ಷರದ ಹೆಸರು ‘ಬೇ’. ಅವರು ‘ಬೇ’ ಎಂದೇ ಕೇಳಿಸಿಕೊಂಡು ‘ಬೇ’ ಎನ್ನುವ ಚಿಹ್ನೆ ಬರೆದರು: ಒಂದು ಹೆಜ್ಜೆಗುರುತು. ಮಾಯಾ ಭಾಷೆಯಲ್ಲಿ ‘ಬೇ’ ಎಂದರೆ ದಾರಿ. ನಮ್ಮ ಮನೆಯಲ್ಲೇ ಇದು ನಡೆದಿದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಮಗಳು ‘ಅಜ್ಜಿ, ಬಿ ಬರೀರಿ’ ಎಂದರೆ ಅವರು ‘ಬಿ’ ಎಂದು ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಲಾಂಡಾ ಮತ್ತೆ ‘ಲೇ’ ಎಂಬ ಪದವನ್ನು ಬರೆಯಲು ಹೇಳಿ, ಸಹಾಯವಾಗಲಿ ಎಂದು ಅಕ್ಷರ ಬಿಡಿಸಿ ‘ಎಲೆ, ಎ, ಲೇ’ ಎಂದ. ಪಾಪ, ಎದುರಿನವರು ಕೇಳಿದ ಸದ್ದನ್ನೆಲ್ಲ ಬಿಡದೆ ಬರೆದಿಟ್ಟರು. ಕೊನೆಗೆ ಸಾಕಾಗಿ ಒಂದು ವಾಕ್ಯ ಬರೆಯಲು ಹೇಳಿದಾಗ ಅವರು ಬರೆದದ್ದು ‘ಮಾ ಇನ್ ಕಾತಿ’. ಅರ್ಥ: ನನಗೆ ಇಷ್ಟವಿಲ್ಲ. ಸಂಜೆ ಏಳಕ್ಕೆ ಹೋಮ್‌ವರ್ಕ್ ಮಾಡಿಸಿದ ಯಾವ ತಾಯಿತಂದೆಗೂ ಈ ವಾಕ್ಯ ಹೊಸದಲ್ಲ.

ಆ ಪಟ್ಟಿಯಲ್ಲೇ ‘ಎ’ಗೆ ಮೂರು ಚಿಹ್ನೆ, ‘ಬಿ’ಗೆ ಎರಡು ಇವೆ. ಒಂದೇ ಸದ್ದಿಗೆ ಹಲವು ರೂಪ ಎನ್ನುವ ಸುಳಿವು ಅಲ್ಲೇ ಇತ್ತು. ಆದರೂ ಲಾಂಡಾ ಏನೋ ಅಧ್ವಾನ ಬರೆದಿದ್ದಾನೆ ಎಂದು ಪಂಡಿತರು ಬಹುಕಾಲ ಅದನ್ನು ಪಕ್ಕಕ್ಕಿಟ್ಟರು. 1952ರಲ್ಲಿ ಲೆನಿನ್‌ಗ್ರಾಡಿನ ಯೂರಿ ಕ್ನೊರೊಜೊವ್ ಅದನ್ನು ಉಚ್ಚಾರಗಳ ಪಟ್ಟಿಯಾಗಿ ನೋಡಿದರು. ಲಾಂಡಾ ಕೊಟ್ಟ ‘ಕು’ ಚಿಹ್ನೆ ಮಾಯಾ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಬರುತ್ತದೆ, ಜೊತೆಗೆ ಇನ್ನೊಂದು ಚಿಹ್ನೆ. ಟರ್ಕಿ ಕೋಳಿಗೆ ‘ಕುತ್ಸ್’ ಅನ್ನುತ್ತಾರೆ. ಹಾಗಾದರೆ ಎರಡನೆಯದು ‘ತ್ಸು’ ಇರಬೇಕು. ಅದೇ ‘ತ್ಸು’ ನಾಯಿಯ ಚಿತ್ರದ ಮೇಲೆ ಮೊದಲಿಗೆ ಬರುತ್ತದೆ. ಅದರ ಮುಂದೆ ಲಾಂಡಾನ ‘ಲ’. ತ್ಸು-ಲು, ‘ತ್ಸುಲ್’. ನಾಯಿಗೆ ಇರುವ ಪದವೇ ಅದು! ಕ್ನೊರೊಜೊವ್ ಮಾಯಾ ನಾಡನ್ನು ಕಣ್ಣಾರೆ ಕಂಡದ್ದು 1990ರಲ್ಲಿ. ಥಾಮ್ಸನ್ ತಮ್ಮ ಕೊನೆಯವರೆಗೂ ಇದನ್ನು ಒಪ್ಪಲಿಲ್ಲ.

ರೂಪಾಂತರ ಹಿಡಿಯುವ ಉಪಾಯವೂ ಇದರ ಒಳಗೇ ಇದೆ. ಅಕ್ಷರವನ್ನು ಒಂಟಿಯಾಗಿ ದಿಟ್ಟಿಸುವುದಕ್ಕಿಂತ ಪದದಲ್ಲಿ ಅದು ಕೂತ ಜಾಗವನ್ನು ನೋಡಬೇಕು. ಒಂದೇ ಪದ ನೂರು ಕಡೆ ಬರುತ್ತದೆ. ತೊಂಬತ್ತು ಕಡೆ ಬಾಚಣಿಗೆ ಇದ್ದ ಜಾಗದಲ್ಲಿ ಹತ್ತು ಕಡೆ ಮೀನು ಇದ್ದರೆ, ಅವೆರಡೂ ಒಂದೇ ಕೆಲಸ ಮಾಡುತ್ತಿವೆ. ಚಿರತೆ ಜಾತಿಯ ಜಾಗ್ವಾರಿಗೆ ‘ಬಾಲಮ್’. ಒಬ್ಬ ಬರಹಗಾರ ಬರೀ ಜಾಗ್ವಾರಿನ ತಲೆ ಬರೆಯುತ್ತಾನೆ, ಇನ್ನೊಬ್ಬ ತಲೆಯ ಕೆಳಗೆ ‘ಮ’ ಸೇರಿಸಿ ಓದುಗರಿಗೆ ಸುಳಿವು ಕೊಡುತ್ತಾನೆ, ಮತ್ತೊಬ್ಬ ತಲೆಯನ್ನೇ ಬಿಟ್ಟು ಬ-ಲ-ಮ ಎಂದು ಬಿಡಿಸಿ ಬರೆಯುತ್ತಾನೆ. ಪಾಲೆಂಕೆಯ ದೊರೆ ಪಕಲ್ ಹೆಸರನ್ನೂ ಹೀಗೇ ಗುರಾಣಿಯ ಚಿತ್ರವಾಗಿಯೂ, ಪ-ಕ-ಲ ಎಂದೂ ಬರೆದಿದ್ದಾರೆ. ಒಂದು ಗೊತ್ತಿದ್ದರೆ ಇನ್ನೊಂದನ್ನು ಬಿಡಿಸಬಹುದು. 1987ರಲ್ಲಿ ಸ್ಟುವರ್ಟ್ ಹತ್ತು ಉಚ್ಚಾರಗಳನ್ನು ಓದಿ ತೋರಿಸಿದ್ದು ಇಂಥ ಅದಲುಬದಲುಗಳನ್ನು ತಾಳ್ಮೆಯಿಂದ ಪಕ್ಕಪಕ್ಕ ಇಟ್ಟು ನೋಡಿಯೇ.

ಎರಡನೆಯದು, ಯಾವ ಭೇದ ಮುಖ್ಯ, ಯಾವುದು ಅಲ್ಲ ಎಂದು ತಿಳಿಯುವುದು. ಮಾಯಾ ಬರಹದ ಚಿಕ್ಕ ಚಿಹ್ನೆಗಳು ಎಡಗಡೆ ಇದ್ದರೆ ನಿಂತುಕೊಳ್ಳುತ್ತವೆ, ತಲೆಯ ಮೇಲೆ ಬಂದರೆ ಮಲಗುತ್ತವೆ. ಉಚ್ಚಾರ ಬದಲಾಗುವುದಿಲ್ಲ. ದಪ್ಪ, ತೆಳು, ಒಳಗಿನ ಅಲಂಕಾರ ಇವೂ ಬರಹಗಾರರ ಇಷ್ಟ. ಆದರೆ ‘ಅಹಾವ್’ ಎಂಬ ಮುಖದಂಥ ಚಿಹ್ನೆಯನ್ನು ತಲೆಕೆಳಗು ಮಾಡಿದರೆ ಅದು ‘ಲ’ ಆಗಿಬಿಡುತ್ತದೆ! ಮಲಗಿದರೆ ಪರವಾಗಿಲ್ಲ, ಶೀರ್ಷಾಸನ ಹಾಕಿದರೆ ಬೇರೆ ಆಸಾಮಿ. ನಮ್ಮಲ್ಲೂ ಹಾಗೇ. ‘ಪ’ವನ್ನು ಎಷ್ಟೇ ಓರೆಯಾಗಿ, ಗುಂಡಾಗಿ ಬರೆಯಿರಿ, ಅದು ‘ಪ’. ಹೊಟ್ಟೆಯೊಳಗೆ ಒಂದು ಗೀಟು ಬಿದ್ದರೆ ‘ಷ’. ದ, ಥ, ಧ ಇವುಗಳ ನಡುವೆ ಇರುವುದು ಒಂದು ಚುಕ್ಕೆಯ, ಒಂದು ಗೀಟಿನ ಅಂತರ. ದೊಡ್ಡವರಾದ ನಮಗೆ ಈ ಗೀಟು ಕೂಗಿ ಕರೆಯುತ್ತದೆ. ಮಗುವಿಗೆ ಅದೂ ಒಂದು ಗೆರೆ, ಪೆನ್ನು ಜಾರಿದ್ದೂ ಒಂದು ಗೆರೆ.

ಇದನ್ನೆಲ್ಲ ಓದುತ್ತ ಓದುತ್ತ ನನಗೆ ನಾಚಿಕೆಯಾಗತೊಡಗಿತು. ‘ರ’ವನ್ನು ನಾವು ಮಕ್ಕಳಿಗೆ ಹೇಗೆ ಕೊಡುತ್ತೇವೆ ನೋಡಿ. ‘ರವಿ’ಯಲ್ಲಿ ಒಂದು ಆಕಾರ. ‘ಚಕ್ರ’ದಲ್ಲಿ ಕೆಳಗೆ ಸುತ್ತಿಕೊಂಡ ಇನ್ನೊಂದು. ‘ವರ್ಷ’ದಲ್ಲಿ ಮೂರನೆಯದು, ಅದೂ ಷ ಆದ ಮೇಲೆ ಬರೆದು ಷ-ಗಿಂತ ಮೊದಲು ಓದಬೇಕಾದದ್ದು. ಮೇಲಾಗಿ ಅದು ಒಂಬತ್ತರ ಹಾಗೆ ಕಾಣುತ್ತದೆ. ಮಾಯಾ ದೊರೆಗಳ ಬಿರುದಿನಲ್ಲೂ ಇಂಥದ್ದೇ ಒಂದು ಉಂಟು. ‘ಕುಹುಲ್ ಬಾಕಾಲ್ ಅಹಾವ್’, ಬಾಕಾಲಿನ ಪವಿತ್ರ ದೊರೆ ಎಂದು ಓದುವಾಗ ಕೊನೆಗೆ ಬರುವ ‘ಅಹಾವ್’ ಚಿಹ್ನೆಯನ್ನು ಬರಹದಲ್ಲಿ ಎಲ್ಲಕ್ಕಿಂತ ಮೇಲೆ ಕೂರಿಸುತ್ತಾರೆ. ದೊರೆಯಲ್ಲವೇ, ತಲೆಯ ಮೇಲೇ ಇರಬೇಕು. ಅದನ್ನು ಎಡವದೆ ಓದಲು ವಿದ್ವಾಂಸರಿಗೆ ವರ್ಷಗಳು ಬೇಕಾದವು. ನನ್ನ ಮಗಳಿಗೆ ನಾನು ಕೊಟ್ಟದ್ದು ಅರ್ಧ ನಿಮಿಷ.

ಒತ್ತಕ್ಷರಗಳದ್ದೂ ಇದೇ ಹಾಡು. ‘ಅಕ್ಕ’ದ ಒತ್ತು ಕ-ವನ್ನು ನೋಡಿದರೆ ಅದು ತಲೆಕಟ್ಟು ಬಿಟ್ಟ ‘ಕ’ ಎಂದು ಊಹಿಸಬಹುದು. ಆದರೆ ‘ಅತ್ತೆ’ಯ ತ, ‘ಅನ್ನ’ದ ನ, ‘ಅಮ್ಮ’ದ ಮ, ‘ಅಯ್ಯೋ’ದ ಯ, ‘ಹಲ್ಲು’ ಎನ್ನುವಾಗಿನ ಲ, ‘ಚಕ್ರ’ದ ರ, ಈ ಆರು ಒತ್ತುಗಳು ತಮ್ಮ ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಮಕ್ಕಳಿಗೆ ನಾವು ಮೊಟ್ಟಮೊದಲು ಕಲಿಸುವ ‘ಅಮ್ಮ’ ಎಂಬ ಪದದಲ್ಲೇ ಒಂದೇ ಅಕ್ಷರದ ಎರಡು ವೇಷ ಇದೆ. ಇದನ್ನು ನಾನು ಮೂವತ್ತೈದು ವರ್ಷ ಗಮನಿಸಿಯೇ ಇರಲಿಲ್ಲ.

ನಿಮಗೆ ಹೇಳಬೇಕು ಅನ್ನಿಸಿದ ಮುಖ್ಯ ಮಾತು ಈಗ ಬಂತು. ನಾವು ಊರಲ್ಲಿ ಬೆಳೆದವರು ಅಕ್ಷರದ ರೂಪಾಂತರಗಳನ್ನು ಕೂತು ಕಲಿತವರಲ್ಲ. ಬಸ್ಸಿನ ಬೋರ್ಡು, ಕಿರಾಣಿ ಅಂಗಡಿಯ ಫಲಕ, ಸಿನಿಮಾ ಪೋಸ್ಟರು, ಆಟೋದ ಹಿಂದಿನ ಡೈಲಾಗು, ಮದುವೆ ಕರೆಯೋಲೆ, ಅಪ್ಪನ ಸಾಮಾನಿನ ಚೀಟಿ, ಗೋಡೆಯ ಮೇಲಿನ ಚುನಾವಣೆ ಬರಹ, ಹೀಗೆ ಒಂದು ‘ಕ’ವನ್ನು ಸಾವಿರ ವೇಷದಲ್ಲಿ ನೋಡಿ ನೋಡಿ ಕಣ್ಣೇ ತೀರ್ಮಾನ ಮಾಡಿಕೊಂಡಿತು. ಇಲ್ಲಿ ನಮ್ಮ ಮಕ್ಕಳು ಕನ್ನಡ ನೋಡುವುದು ಒಂದು ಪಠ್ಯಪುಸ್ತಕದಲ್ಲಿ, ಒಂದೇ ಫಾಂಟಿನಲ್ಲಿ. ಆ ಫಾಂಟೇ ಅವರ ಪಾಲಿಗೆ ಕನ್ನಡ. ಅಜ್ಜಿಯ ಕಾಗದ ಬಂದಾಗ ‘ಇದು ಕನ್ನಡ ಅಲ್ಲ’ ಎಂದರೆ ಅದು ಸೋಮಾರಿತನವಲ್ಲ, ಸರಿಯಾದ ತರ್ಕ. ನನ್ನ ಕೆಲಸದಲ್ಲಿ ಒಂದೇ ಪ್ರಯೋಗಾಲಯದ ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ತರಬೇತಿ ಕೊಟ್ಟರೆ, ಬೇರೆ ಬಣ್ಣ ಹಾಕಿದ ಅದೇ ಜೀವಕೋಶವನ್ನು ಅದು ಗುರುತಿಸುವುದಿಲ್ಲ. ಅದನ್ನು ನಾನು ಬಯ್ಯುವುದಿಲ್ಲ. ಚಿತ್ರ ಸಾಲದು ಎಂದು ಇನ್ನಷ್ಟು ಹುಡುಕುತ್ತೇನೆ.

ಪಕ್ಕದ ಮನೆಯ ಜರ್ಮನ್ ಅಜ್ಜಿಗೆ ಈ ಕಥೆ ಹೇಳಿದೆ. ಅವರು ನಕ್ಕು ತಮ್ಮ ತಾಯಿಯ ಹಳೆಯ ಅಡುಗೆ ಪುಸ್ತಕ ತಂದು ತೋರಿಸಿದರು. ಜ್ಯುಟರ್ಲಿನ್ ಕೈಬರಹ. ಪ್ರಷ್ಯಾದ ಶಾಲೆಗಳಲ್ಲಿ 1915ರಿಂದ ಕಲಿಸುತ್ತಿದ್ದದ್ದು 1941ರಲ್ಲಿ ನಿಂತುಹೋಯಿತು. ಅದರಲ್ಲಿ ‘ಇ’ ಅಕ್ಷರ ‘ಎನ್’ ಹಾಗೆ ಕಾಣುತ್ತದೆ. ಅವರ ಮೊಮ್ಮಕ್ಕಳಿಗೆ, ಜರ್ಮನ್ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲದವರಿಗೆ, ತಮ್ಮ ಮುತ್ತಜ್ಜಿಯ ಕೇಕ್ ಹೇಗೆ ಮಾಡಬೇಕೆಂದು ಓದಲು ಬರುವುದಿಲ್ಲ.

ಲಾಂಡಾನ ಕಾಲದ ಮಾಯಾ ಮಕ್ಕಳ ಕಥೆ ಇನ್ನೂ ಗಟ್ಟಿ. ಪಾದ್ರಿಗಳು ಊರ ದೊಡ್ಡವರ ಮಕ್ಕಳನ್ನು ಮಠಕ್ಕೆ ಕರೆದುಕೊಂಡು ಹೋಗಿ ರೋಮನ್ ಅಕ್ಷರ ಕಲಿಸಿದರು. ಮಕ್ಕಳು ಚುರುಕಾಗಿ ಕಲಿತು ತಮ್ಮ ಭಾಷೆಯನ್ನೇ ಅದರಲ್ಲಿ ಬರೆದರು. ಭಾಷೆ ಉಳಿಯಿತು. ಇಂದಿಗೂ ಸುಮಾರು ಮೂವತ್ತು ಮಾಯಾ ಭಾಷೆಗಳನ್ನು ಲಕ್ಷಾಂತರ ಜನ ಆಡುತ್ತಾರೆ. ಅಜ್ಜಂದಿರ ಬರಹವನ್ನು ಓದುವ ಕಣ್ಣು ಮಾತ್ರ ಹೋಯಿತು. 1980ರ ದಶಕದ ಕೊನೆಯಿಂದ ಲಿಂಡಾ ಶೀಲೆ, ನಿಕೊಲಾಯ್ ಗ್ರೂಬೆ ಮೊದಲಾದ ವಿದ್ವಾಂಸರು ಗ್ವಾಟೆಮಾಲಾದಲ್ಲಿ ಮಾಯಾ ಭಾಷಿಕರಿಗೇ ಲಿಪಿಯ ಶಿಬಿರಗಳನ್ನು ನಡೆಸಿದರು. ತಮ್ಮ ಮನೆಮಾತನ್ನು ಆ ಕಲ್ಲುಗಳ ಮೇಲೆ ತಾವೇ ಓದಿಕೊಂಡವರ ಮುಖ ಹೇಗಿದ್ದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ನಾನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಅಂದಿನಿಂದ ಬಿಟ್ಟೆ. ಬೇಗ ಬೇಗ ಟೈಪ್ ಮಾಡಲು ಆಗುವುದಿಲ್ಲ, ಆದರೂ.

ನಾವು ಈಗ ಮನೆಯಲ್ಲಿ ಮಾಡುತ್ತಿರುವುದು ದೊಡ್ಡದೇನಲ್ಲ. ಊರಿನ ಬಂಧುಗಳಿಗೆಲ್ಲ ಒಂದು ಕೋರಿಕೆ ಕಳಿಸಿದೆವು: ದಾರಿಯಲ್ಲಿ ಕಂಡ ಕನ್ನಡ ಬೋರ್ಡಿನ ಫೋಟೋ ತೆಗೆದು ಕಳಿಸಿ, ಚೆನ್ನಾಗಿರಬೇಕೆಂದೇನಿಲ್ಲ. ಮಾವ ಸಾಲುಸಾಲಾಗಿ ಲಾರಿಗಳ ಹಿಂಭಾಗ ಕಳಿಸುತ್ತಿದ್ದಾರೆ. ಅದರಿಂದ ಒಂದೊಂದು ಅಕ್ಷರ ಕತ್ತರಿಸಿ ಕಾರ್ಡು ಮಾಡಿ, ಜೋಡಿ ಹುಡುಕುವ ಆಟ ಆಡುತ್ತೇವೆ. ‘ತ’ ಕಾರ್ಡಿಗೆ ಜೋಡಿ ಇನ್ನೊಂದು ‘ತ’ ಆಗಬಹುದು, ‘ಅತ್ತೆ’ಯ ಒತ್ತೂ ಆಗಬಹುದು. ಜೋಡಿ ಎಂದು ಹೇಳಿದವರು ಯಾಕೆ ಎಂದು ತೋರಿಸಬೇಕು, ಅದೊಂದೇ ನಿಯಮ. ವಾದ ಬಿದ್ದರೆ ಮಾಯಾ ಉಪಾಯ: ಆ ಅಕ್ಷರ ಬಂದ ಪೂರ್ತಿ ಬೋರ್ಡನ್ನು ತೆರೆದು ನೋಡುವುದು. ‘ಹೋಟೆಲ್’ ಎಂಬುದು ಗೊತ್ತಾದರೆ ನಡುವಿನ ವಿಚಿತ್ರ ಆಕಾರ ‘ಟೆ’ ಅಲ್ಲದೆ ಇನ್ನೇನು? ಮೊದಲ ವಾರ ನಾನು ಗೆಲ್ಲುತ್ತಿದ್ದೆ. ಈಗ ಇಲ್ಲ. ಲಾರಿಯ ಹಿಂದಿನ ಬಳ್ಳಿ ಬಳ್ಳಿಯಾದ ‘ಶ್ರೀ’ಯನ್ನು ನಾನು ಗುರುತಿಸುವ ಮೊದಲೇ ಅವಳು ಮೇಜು ಬಡಿದಿರುತ್ತಾಳೆ.

ಬೂಟುಗಳ ಹಿಂದಿನಿಂದ ಪುಸ್ತಕಗಳು ಯಾವಾಗ ಎದ್ದು ಬಂದವೋ ನಾನು ನೋಡಲಿಲ್ಲ. ಕಳೆದ ತಿಂಗಳು ಅವಳೇ ಅಜ್ಜಿಗೆ ಉತ್ತರ ಬರೆದಳು. ಒತ್ತು ಬರೆಯುವುದು ಯಾಕೆ, ಮಾಯಾದವರ ಉಪಾಯ ಸಾಕು ಎಂದು ‘ಅಜಿ’ ಎಂದು ಬರೆದು ‘ಜಿ’ಯ ಮೂಲೆಯಲ್ಲಿ ಎರಡು ಚುಕ್ಕೆ ಇಟ್ಟಿದ್ದಳು. ಜರ್ಮನ್ ಶಾಲೆಯಲ್ಲಿ ಅದೇ ಎರಡು ಚುಕ್ಕೆ ಸ್ವರವನ್ನು ಬದಲಿಸುತ್ತದೆ, ನಮ್ಮಲ್ಲಿ ಎರಡು ಸೊನ್ನೆ ನಿಲ್ಲಿಸಿದರೆ ವಿಸರ್ಗ. ಅಮ್ಮ ಫೋನಿನಲ್ಲಿ ‘ಯಾಕೆ ಪುಟ್ಟಿ, ನನಗೆ ವಿಸರ್ಗ ಹಾಕಿದ್ದೀಯಾ? ಅಃಜಿ ಅಂತಲಾ?’ ಎಂದು ಕೇಳಿದರು. ಅರ್ಧ ಗಂಟೆ ಅವಳು ಮೀನು, ಬಾಚಣಿಗೆ, ಚಾಕೊಲೇಟು ಎಂದು ವಿವರಿಸಿದಳು. ಅಮ್ಮ ನಡುನಡುವೆ ‘ಹೌದಾ!’ ಅನ್ನುತ್ತಿದ್ದದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ನಿನ್ನೆ ಅಮ್ಮನ ಎರಡನೇ 
ಕಾಗದ ಬಂದಿದೆ. ಕೊನೆಯಲ್ಲಿ ಸಹಿ ಇರುವ ಕಡೆ ‘ಇಂತಿ ನಿನ್ನ ಅಜಿ’ ಎಂದು ಬರೆದು, ಮೇಲೆ ಎರಡು ಚುಕ್ಕೆ ಇಟ್ಟಿದ್ದಾರೆ.